ಎಸ್‌ಡಿಎಂಸಿ ಸಭೆಗೆ ಸಂಬಳ ಸಹಿತ ಬಿಡುವು: ಕೆಲಸ ಕೊಡುವವರಿಗೊಂದು ಕೈಪಿಡಿ

ಸರ್ಕಾರಿ ಶಾಲೆಯ ಉಸ್ತುವಾರಿ ಸಮಿತಿಯಲ್ಲಿ ಕೂರುವ ಹೆಚ್ಚಿನವರು ದುಡಿದು ಉಣ್ಣುವ ಅಪ್ಪ ಅಮ್ಮಂದಿರು. ಸಭೆಗೆ ಹೋದ ದಿನ ಅವರ ಸಂಬಳ ಕತ್ತರಿಸದೆ ಇರುವುದು ಶಾಲೆಗೆ ಕೊಡಬಹುದಾದ ದೊಡ್ಡ ನೆರವು. ಅಂಗಡಿ, ಹೋಟೆಲ್, ಕಚೇರಿ, ಮನೆ, ಎಲ್ಲೇ ಇರಲಿ, ಕೆಲಸ ಕೊಡುವವರು ಅದನ್ನು ಮಾಡುವ ಬಗೆ ಇಲ್ಲಿದೆ.

ಬೆಂಗಳೂರಿನ ಗಾಂಧಿಬಜಾರಿನ ಅಂಗಡಿಯಲ್ಲಿ ಸೀರೆ ಮಡಿಸಿಡುವ ತಾಯಿ, ಸಂಪಿಗೆ ರಸ್ತೆಯ ಹೋಟೆಲಿನಲ್ಲಿ ಕಾವಲಿಯ ಮುಂದೆ ನಿಲ್ಲುವ ತಂದೆ, ಚಾಮರಾಜಪೇಟೆಯ ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡುವವರು, ಬ್ಯಾಂಕಿನ ನೆಲ ಒರೆಸುವವರು, ನಮ್ಮ ಮನೆಗಳಲ್ಲಿ ಪಾತ್ರೆ ತೊಳೆಯುವವರು. ಇವರಲ್ಲಿ ಅನೇಕರ ಮಕ್ಕಳು ಓದುವುದು ಸರ್ಕಾರಿ ಶಾಲೆಯಲ್ಲಿ. ಆ ಶಾಲೆ ಹೇಗೆ ನಡೆಯಬೇಕು ಎಂದು ಕೇಳುವ ಅಧಿಕಾರವನ್ನು ಕಾನೂನು ಇವರ ಕೈಗೇ ಕೊಟ್ಟಿದೆ. ಅಧಿಕಾರ ಇದೆ, ಸಭೆಗೆ ಹೋಗಲು ಬಿಡುವಿಲ್ಲ. ಬಿಡುವು ಕೊಡಬೇಕಾದವರು ನಾವು.

ಕರ್ನಾಟಕದಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ, ಹುಟ್ಟಿದ್ದು 2001ರ ಸರ್ಕಾರಿ ಆದೇಶದಿಂದ. ವಿಜ್ಞಾನಿ ರಾಜಾ ರಾಮಣ್ಣ ಅವರ ನೇತೃತ್ವದ ಶಿಕ್ಷಣ ಕಾರ್ಯಪಡೆ ಇಂಥ ಸಮಿತಿಗಳು ಬೇಕೆಂದು ಹೇಳಿತ್ತು. ಮುಂದೆ 2009ರ ಶಿಕ್ಷಣ ಹಕ್ಕು ಕಾಯ್ದೆ ಇಡೀ ದೇಶದಲ್ಲಿ ಶಾಲಾ ಸಮಿತಿಯನ್ನು ಕಡ್ಡಾಯ ಮಾಡಿತು. ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಸಮಿತಿಯ ಸದಸ್ಯರಲ್ಲಿ ನಾಲ್ಕನೇ ಮೂರು ಪಾಲು ಮಕ್ಕಳ ತಂದೆ ತಾಯಿ ಅಥವಾ ಪೋಷಕರೇ ಇರಬೇಕು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಹಿಂದುಳಿದ ಹಾಗೂ ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ತಕ್ಕ ಪಾಲು ಸಿಗಬೇಕು. ಶಾಲೆಯ ಕೆಲಸದ ಮೇಲೆ ಕಣ್ಣಿಡುವುದು, ಅಭಿವೃದ್ಧಿ ಯೋಜನೆ ತಯಾರಿಸುವುದು, ಅನುದಾನ ಎಲ್ಲಿ ಖರ್ಚಾಯಿತೆಂದು ನೋಡುವುದು ಸಮಿತಿಯ ಹೊಣೆ.

ನೋಟ್‌ಬುಕ್ಕು, ಬ್ಯಾಗು ಹಂಚುವ, ಗೋಡೆಗೆ ಬಣ್ಣ ಬಳಿಸುವ ದಾನಿಗಳು ನಮ್ಮ ಬಡಾವಣೆಗಳಲ್ಲಿ ಮೊದಲಿನಿಂದಲೂ ಇದ್ದಾರೆ. ಅದು ಒಳ್ಳೆಯ ಕೆಲಸವೇ. ಆದರೆ ಹೆಣ್ಣುಮಕ್ಕಳ ಶೌಚಾಲಯದಲ್ಲಿ ಮುಂದಿನ ತಿಂಗಳೂ ನೀರು ಬರುತ್ತಿದೆಯೇ, ಗಣಿತದ ಮೇಷ್ಟ್ರ ಹುದ್ದೆ ಯಾಕೆ ಖಾಲಿ ಬಿದ್ದಿದೆ ಎಂದು ಬಿಡದೆ ಕೇಳಲು ದಾನಿಯಿಂದ ಆಗದು. ಅದು ಸಮಿತಿಯ ಕೆಲಸ, ಅಂದರೆ ನಮ್ಮಲ್ಲಿ ದುಡಿಯುವವರ ಕೆಲಸ.

1. ಯಾರು ಸದಸ್ಯರು ಎಂದು ಕೇಳಿ

ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಒಂದು ದಿನ ಸಿಬ್ಬಂದಿಯನ್ನೆಲ್ಲ ಕೂರಿಸಿ, ಯಾರ ಮಕ್ಕಳು ಯಾವ ಶಾಲೆಯಲ್ಲಿದ್ದಾರೆ, ಯಾರಾದರೂ ಎಸ್‌ಡಿಎಂಸಿಯಲ್ಲಿದ್ದಾರೆಯೇ ಎಂದು ಕೇಳಿ. ಎಷ್ಟೋ ಜನ ತಾವು ಸದಸ್ಯರೆಂದು ಮಾಲೀಕರಿಗೆ ಹೇಳಿರುವುದಿಲ್ಲ. ರಜೆ ಕೇಳಿದರೆ ಕೆಲಸಕ್ಕೆ ಕುತ್ತು ಬಂದೀತೆಂಬ ಅಂಜಿಕೆ ಅವರಿಗಿರುತ್ತದೆ. ಹಾಗಾಗಿ ಮೊದಲ ಮಾತು ನಿಮ್ಮಿಂದ ಬರಲಿ: "ಸಭೆಗೆ ಹೋಗಿ ಬನ್ನಿ, ಸಂಬಳ ಹಿಡಿಯುವುದಿಲ್ಲ."

ಸದಸ್ಯರಲ್ಲದವರಿಗೂ ವಿಷಯ ತಿಳಿಸಿ. ಸಮಿತಿಯ ಅವಧಿ ಮುಗಿದಾಗ ಪೋಷಕರ ಸಭೆ ಕರೆದು ಹೊಸ ಸದಸ್ಯರನ್ನು ಆರಿಸುತ್ತಾರೆ. ಆ ಸಭೆಗೆ ಹೋಗಿ ನಿಲ್ಲಲೂ ಅರ್ಧ ದಿನ ಬೇಕು. ಬಿಡುವು ಸಿಗುತ್ತದೆಂಬ ಭರವಸೆ ಇದ್ದರೆ, ಮುಖ್ಯವಾಗಿ ಹೆಣ್ಣುಮಕ್ಕಳು, ಮುಂದೆ ಬರುತ್ತಾರೆ.

2. ಸಮಯದ ಲೆಕ್ಕ ಹಾಕಿ

ತಿಂಗಳಿಗೊಂದು ಸಭೆ, ಹೋಗಿ ಬರುವುದೂ ಸೇರಿ ಎರಡು ಗಂಟೆ ಎಂದುಕೊಳ್ಳೋಣ. ವರ್ಷಕ್ಕೆ 24 ಗಂಟೆ, ಅಂದರೆ ಎಂಟು ಗಂಟೆಯ ಮೂರು ದಿನ. ಯೋಜನೆ ತಯಾರಿ, ತರಬೇತಿ, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಒಂದೆರಡು ಸಲ ಓಡಾಟ ಎಂದು ಇನ್ನೆರಡು ದಿನ ಸೇರಿಸಿ. ಒಬ್ಬ ಸದಸ್ಯರಿಗೆ ವರ್ಷಕ್ಕೆ ಐದು ದಿನದ ಸಂಬಳ ಸಹಿತ ಬಿಡುವು ಸಾಕಾಗುತ್ತದೆ.

ಈ ಬಿಡುವನ್ನು ಅವರ ವಾರದ ರಜೆಯಿಂದಾಗಲಿ ಗಳಿಕೆ ರಜೆಯಿಂದಾಗಲಿ ಕಳೆಯಬೇಡಿ. ಆ ರಜೆ ಅವರ ವಿಶ್ರಾಂತಿಗೆ, ಕಾಯಿಲೆ ಕಸಾಲೆಗೆ, ಊರಿನ ಹಬ್ಬಕ್ಕೆ ಇರುವುದು. ದೊಡ್ಡ ಕಚೇರಿಗಳಲ್ಲಿ ಹಾಜರಾತಿಯ ಆ್ಯಪ್‌ನಲ್ಲಿ "ಶಾಲಾ ಸಮಿತಿ" ಎಂಬ ಪ್ರತ್ಯೇಕ ರಜೆ ಸೇರಿಸಿ. ಚಿಕ್ಕ ಅಂಗಡಿಯಾದರೆ ಹಾಜರಾತಿ ಪುಸ್ತಕದಲ್ಲಿ ಪೂರ್ತಿ ದಿನ ಹಾಕಿ.

ಮತದಾನದ ದಿನ ನೌಕರರಿಗೆ ಸಂಬಳ ಸಹಿತ ರಜೆ ಕೊಡಬೇಕೆಂದು 1951ರ ಜನಪ್ರತಿನಿಧಿ ಕಾಯ್ದೆಯ 135ಬಿ ಸೆಕ್ಷನ್ ಹೇಳುತ್ತದೆ. ಎಸ್‌ಡಿಎಂಸಿ ಸಭೆಗೆ ಅಂಥ ಕಟ್ಟಳೆ ಇಲ್ಲ. ಬ್ರಿಟನ್ನಿನ 1996ರ ಉದ್ಯೋಗ ಹಕ್ಕುಗಳ ಕಾಯ್ದೆಯಲ್ಲಿ ಶಾಲಾ ಆಡಳಿತ ಮಂಡಳಿಯ ಸದಸ್ಯರಾದ ನೌಕರರಿಗೆ ತಕ್ಕಷ್ಟು ಬಿಡುವು ಕೊಡಬೇಕೆಂದಿದೆ. ಸಂಬಳದ ಕಡ್ಡಾಯ ಅಲ್ಲೂ ಇಲ್ಲ. ನಮ್ಮಲ್ಲಿ ಬಿಡುವು, ಸಂಬಳ ಎರಡೂ ಕೆಲಸ ಕೊಡುವವರ ಮನಸ್ಸಿಗೆ ಬಿಟ್ಟದ್ದು.

3. ಬರೆದು ಕೊಡಿ

ಬಾಯಿಮಾತು ಮಾಲೀಕರು ಊರಲ್ಲಿ ಇಲ್ಲದ ದಿನ ಉಳಿಯುವುದಿಲ್ಲ. ಆ ದಿನ ಗಲ್ಲಾದಲ್ಲಿ ಕೂತವರು, ಸೂಪರ್‌ವೈಸರ್, ಮೇಸ್ತ್ರಿ ಯಾರಿಗೂ ಅದರ ಅರಿವಿರುವುದಿಲ್ಲ. ನಾಲ್ಕು ಸಾಲಿನ ಕಾಗದ ಸಾಕು:

"ನಮ್ಮಲ್ಲಿ ಕೆಲಸ ಮಾಡುವ ಶ್ರೀ/ಶ್ರೀಮತಿ ........ ಅವರು ........ ಶಾಲೆಯ ಎಸ್‌ಡಿಎಂಸಿ ಸದಸ್ಯರು. ಸಮಿತಿಯ ಸಭೆ ಮತ್ತು ಕೆಲಸಕ್ಕಾಗಿ ವರ್ಷಕ್ಕೆ ಐದು ದಿನಗಳವರೆಗೆ ಇವರಿಗೆ ಸಂಬಳ ಸಹಿತ ಬಿಡುವು ಇದೆ. ಇದನ್ನು ಅರ್ಧ ದಿನದಂತೆಯೂ ಗಂಟೆ ಲೆಕ್ಕದಲ್ಲಿಯೂ ಬಳಸಿಕೊಳ್ಳಬಹುದು. ಸಭೆಯ ನೋಟಿಸ್ ತೋರಿಸಿದರೆ ಸಾಕು, ಬೇರೆ ದಾಖಲೆ ಬೇಕಿಲ್ಲ."

ಒಂದು ಪ್ರತಿ ಸಿಬ್ಬಂದಿಗೆ, ಒಂದು ಮುಖ್ಯ ಶಿಕ್ಷಕರಿಗೆ, ಒಂದು ನಿಮ್ಮ ಕಡತಕ್ಕೆ.

4. ಗುತ್ತಿಗೆಯವರನ್ನು ಮರೆಯಬೇಡಿ

ಬ್ಯಾಂಕು, ಆಸ್ಪತ್ರೆ, ಅಪಾರ್ಟ್‌ಮೆಂಟುಗಳಲ್ಲಿ ಸೆಕ್ಯುರಿಟಿ, ಹೌಸ್‌ಕೀಪಿಂಗ್ ಕೆಲಸದವರು ಏಜೆನ್ಸಿಯ ಮೂಲಕ ಬಂದವರು. ಸರ್ಕಾರಿ ಶಾಲೆಯ ಪೋಷಕರು ಹೆಚ್ಚಾಗಿ ಸಿಗುವುದು ಇವರಲ್ಲೇ. ನಿಮ್ಮ ಕಾಯಂ ನೌಕರರಿಗೆ ಮಾತ್ರ ನಿಯಮ ಮಾಡಿದರೆ ಅದು ತಲುಪಬೇಕಾದವರಿಗೆ ತಲುಪುವುದಿಲ್ಲ. ಏಜೆನ್ಸಿಯ ಕರಾರಿನಲ್ಲೇ ಒಂದು ಸಾಲು ಸೇರಿಸಿ: ಶಾಲಾ ಸಮಿತಿ ಸಭೆಯ ದಿನದ ಸಂಬಳ ಕಡಿತವಾಗುವಂತಿಲ್ಲ, ಬದಲಿ ಆಳಿನ ಖರ್ಚು ನಮ್ಮದು. ತಿಂಗಳ ಬಿಲ್ ಬಂದಾಗ ಆ ಸಂಬಳ ನಿಜವಾಗಿಯೂ ಅವರ ಕೈ ಸೇರಿತೇ ಎಂದು ನೋಡಿ.

5. ಶಾಲೆಯ ಜೊತೆ ಕೂತು ದಿನ ಗೊತ್ತು ಮಾಡಿ

ಮುಖ್ಯ ಶಿಕ್ಷಕರನ್ನು ಭೇಟಿಯಾಗಿ, ಸಭೆಯ ದಿನ ಒಂದು ವಾರ ಮೊದಲೇ ತಿಳಿದರೆ ಸಿಬ್ಬಂದಿಯನ್ನು ಕಳಿಸಲು ಅನುಕೂಲ ಎಂದು ಹೇಳಿ. ಬೆಳಗಿನ ಶಾಲೆಯಿರುವ ಶನಿವಾರದ ಮಧ್ಯಾಹ್ನ ಕಚೇರಿ ಕೆಲಸದವರಿಗೆ ಸರಿಹೋಗಬಹುದು, ಅಂಗಡಿಯವರಿಗೆ ಅದೇ ವ್ಯಾಪಾರದ ಹೊತ್ತು. ವರಮಹಾಲಕ್ಷ್ಮಿ, ಗೌರಿ ಗಣೇಶ ಹಬ್ಬದ ಮುಂಚಿನ ದಿನಗಳಲ್ಲಿ ಗಾಂಧಿಬಜಾರಿನವರಿಗೂ ಮಲ್ಲೇಶ್ವರದವರಿಗೂ ಉಸಿರಾಡಲು ಪುರುಸೊತ್ತಿರುವುದಿಲ್ಲ. ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ. ಆ ವಾರ ಬಸವನಗುಡಿಯಲ್ಲಿ ಸಭೆ ಕರೆದರೆ ಬರುವವರು ಯಾರು? ಅಂಗಡಿ ಗೋಡೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರನ್ನು ಮುಂದಿಟ್ಟುಕೊಂಡು ಇಡೀ ವರ್ಷದ ಸಭೆಗಳಿಗೆ ಗುರುತು ಹಾಕಿ. ಒಂದೇ ಬೀದಿಯ ನಾಲ್ಕೈದು ಅಂಗಡಿಯವರು ಸೇರಿ ಈ ಮಾತುಕತೆ ನಡೆಸಿದರೆ ಇನ್ನೂ ಒಳ್ಳೆಯದು.

6. ಹೋಗಿ ಮಾತಾಡುವ ಧೈರ್ಯಕ್ಕೂ ನೆರವಾಗಿ

ಬಿಡುವು ಸಿಕ್ಕ ಮಾತ್ರಕ್ಕೆ ಮಾತು ಬರುವುದಿಲ್ಲ. ನಡಾವಳಿ ಪುಸ್ತಕಕ್ಕೆ ಸಹಿ ಹಾಕಿ ಎದ್ದು ಬರುವ ಸದಸ್ಯರು ಬಹಳ. ಬಿಲ್ಲು, ವೋಚರು, ಸ್ಟಾಕು ನಿಮಗೆ ದಿನದ ಕೆಲಸ. ನಿಮ್ಮ ಲೆಕ್ಕ ಬರೆಯುವವರು ಒಂದು ಮಧ್ಯಾಹ್ನ ಕೂತು ಸದಸ್ಯರಿಗೆ ಹೇಳಿಕೊಡಬಹುದಾದ ನಾಲ್ಕು ವಿಷಯಗಳಿವೆ.

• ನಗದು ಪುಸ್ತಕ ಮತ್ತು ಪಾಸ್‌ಬುಕ್: ಶಾಲೆಯ ಜಂಟಿ ಖಾತೆಯ ವ್ಯವಹಾರಕ್ಕೆ ಮುಖ್ಯ ಶಿಕ್ಷಕರ ಜೊತೆ ಸಮಿತಿಯ ಅಧ್ಯಕ್ಷರ ಸಹಿಯೂ ಬೇಕು. ಖಾಲಿ ಚೆಕ್ಕಿಗೆ ಸಹಿ ಹಾಕಬಾರದು, ವೋಚರ್ ನೋಡದೆ ಒಪ್ಪಬಾರದು. ಇಷ್ಟು ತಿಳಿದರೂ ದೊಡ್ಡ ಮಾತು.

• ಅನುದಾನ: ಸಮಗ್ರ ಶಿಕ್ಷಣ ಯೋಜನೆಯ ಮಾರ್ಗಸೂಚಿಯಂತೆ 100ಕ್ಕಿಂತ ಹೆಚ್ಚು, 250ರವರೆಗೆ ಮಕ್ಕಳಿರುವ ಶಾಲೆಯ ವಾರ್ಷಿಕ ಅನುದಾನ 50,000 ರೂಪಾಯಿ. ಅದರಲ್ಲಿ ಕನಿಷ್ಠ ಶೇ 10 ಸ್ವಚ್ಛತೆಗೆ ಮೀಸಲು. ಹಣ ಬಂತೇ, ಯಾವಾಗ ಬಂತು, ಏತಕ್ಕೆ ಹೋಯಿತು ಎಂದು ಕೇಳುವುದು ಸದಸ್ಯರ ಹಕ್ಕು.

• ಶಾಲಾಭಿವೃದ್ಧಿ ಯೋಜನೆ: ಶಿಕ್ಷಣ ಹಕ್ಕು ಕಾಯ್ದೆಯ 22ನೇ ಸೆಕ್ಷನ್ ಇದನ್ನು ಸಮಿತಿಗೆ ವಹಿಸಿದೆ. ಮುಂದಿನ ವರ್ಷಗಳಲ್ಲಿ ಎಷ್ಟು ಮಕ್ಕಳು ಸೇರಬಹುದು, ಎಷ್ಟು ಶಿಕ್ಷಕರು, ಕೊಠಡಿಗಳು ಬೇಕು, ಎಷ್ಟು ಹಣ ಬೇಕು ಎಂಬುದೆಲ್ಲ ಅದರಲ್ಲಿರಬೇಕು. ಆರ್ಥಿಕ ವರ್ಷ ಮುಗಿಯುವ ಮೂರು ತಿಂಗಳ ಮೊದಲು, ಅಂದರೆ ಡಿಸೆಂಬರ್ ಹೊತ್ತಿಗೆ, ಕೈಯಲ್ಲಿದ್ದರೆ ಕೆಲಸಕ್ಕೆ ಬರುತ್ತದೆ. ಅದಕ್ಕೆ ಮುಂಚಿನ ಎರಡು ತಿಂಗಳು ನಿಮ್ಮ ಸಿಬ್ಬಂದಿಗೆ ತುಸು ಹೆಚ್ಚು ಬಿಡುವು ಬೇಕಾಗುತ್ತದೆ.

• ಕಾಯ್ದೆ ಹೇಳುವ ಕನಿಷ್ಠ ಅನುಕೂಲ: ಐದನೇ ತರಗತಿವರೆಗೆ 60 ಮಕ್ಕಳಿಗೆ ಇಬ್ಬರು, 90 ಮಕ್ಕಳಿಗೆ ಮೂವರು ಶಿಕ್ಷಕರು, ಗಂಡು ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು, ಆಟದ ಬಯಲು, ಗ್ರಂಥಾಲಯ. ಈ ಪಟ್ಟಿಯನ್ನು ಕನ್ನಡದಲ್ಲಿ, ಬೇಕಾದವರಿಗೆ ಉರ್ದು, ತಮಿಳಿನಲ್ಲಿ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ ಕೊಡಿ. ಓದಲು ಬಾರದವರಿಗೆ ಓದಿ ಹೇಳಿ.

7. ಪೋಷಕರಲ್ಲದ ಸಿಬ್ಬಂದಿಗೂ ಕೆಲಸವಿದೆ

ಕಂಪನಿಗಳ ಎಂಜಿನಿಯರು, ಬ್ಯಾಂಕ್ ಅಧಿಕಾರಿಗಳ ಮಕ್ಕಳು ಹೆಚ್ಚಾಗಿ ಖಾಸಗಿ ಶಾಲೆಯಲ್ಲಿರುತ್ತಾರೆ. ಸರ್ಕಾರಿ ಶಾಲೆಯ ಸಮಿತಿಯಲ್ಲಿ ಪೋಷಕರಲ್ಲದವರಿಗೆ ಇರುವ ಜಾಗ ಕಡಿಮೆ, ಅದು ಹಾಗೆಯೇ ಇರಬೇಕು. ಆದರೆ ಸಮಿತಿ ಕರೆದಾಗ ಹೋಗಿ ಸೋರುವ ಚಾವಣಿಯ ದುರಸ್ತಿಗೆ ಎಸ್ಟಿಮೇಟ್ ಮಾಡಿಕೊಡಬಹುದು, ಕಂಪ್ಯೂಟರ್ ಸರಿಪಡಿಸಬಹುದು, ಇಲಾಖೆಗೆ ಬರೆಯುವ ಅರ್ಜಿಯನ್ನು ನೆಟ್ಟಗೆ ಬರೆದುಕೊಡಬಹುದು.

ಅನುದಾನಿತ ಶಾಲೆಗಳ ಬಗ್ಗೆ ಒಂದು ಮಾತು. ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿಯಂತೆ ಅಲ್ಲಿನ ಸಮಿತಿ ಸಲಹೆ ಮಾತ್ರ ಕೊಡಬಲ್ಲದು. ತೀರ್ಮಾನ ಸಂಸ್ಥೆಯ ಆಡಳಿತ ಮಂಡಳಿಯದು. ಅಂಥ ಮಂಡಳಿಗಳಿಗೂ ದುಡಿಯುವ ವಯಸ್ಸಿನ ಹಳೆಯ ವಿದ್ಯಾರ್ಥಿಗಳು ಬೇಕು. 1913ರ ಮಹಿಳಾ ಸೇವಾ ಸಮಾಜ, 1917ರ ನ್ಯಾಷನಲ್ ಹೈಸ್ಕೂಲು, 1935ರ ಆಚಾರ್ಯ ಪಾಠಶಾಲೆ ಇವೆಲ್ಲ ಬಸವನಗುಡಿಯಲ್ಲಿ ಬೆಳೆದದ್ದು ನಾಗರಿಕರು ತಮ್ಮ ಹೊತ್ತನ್ನು ಕೊಟ್ಟಿದ್ದರಿಂದ. ನ್ಯಾಷನಲ್ ಹೈಸ್ಕೂಲಿನಲ್ಲಿ ಓದಿದ ಎಚ್. ನರಸಿಂಹಯ್ಯನವರು ಮುಂದೆ ಅದನ್ನು ನಡೆಸುವ ಸಂಸ್ಥೆಗೇ ಅಧ್ಯಕ್ಷರಾದರು. ಆ ಪರಂಪರೆ ಮುಂದುವರಿಯಲು ಇಂದಿನ ನೌಕರರಿಗೆ ಬಿಡುವು ಬೇಕು.

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ನಿಯಮಕ್ಕೆ ಒಳಪಟ್ಟ ಕಂಪನಿಗಳು ಗಮನಿಸಬೇಕಾದ್ದು: ಸಿಬ್ಬಂದಿಯ ಸೇವೆಯನ್ನು ರೂಪಾಯಿ ಲೆಕ್ಕಕ್ಕೆ ತಂದು ಸಿಎಸ್‌ಆರ್ ವೆಚ್ಚವೆಂದು ತೋರಿಸುವಂತಿಲ್ಲ ಎಂದು ಕಂಪನಿ ವ್ಯವಹಾರಗಳ ಸಚಿವಾಲಯ ಸ್ಪಷ್ಟಪಡಿಸಿದೆ. ಸಿಬ್ಬಂದಿ ಭಾಗವಹಿಸುವುದನ್ನು ಮಾತ್ರ ಅದು ಪ್ರೋತ್ಸಾಹಿಸುತ್ತದೆ.

8. ಇವುಗಳನ್ನು ಮಾಡಬೇಡಿ

• ಸಮಿತಿಯಲ್ಲಿ ಏನು ಹೇಳಬೇಕೆಂದು ಸಿಬ್ಬಂದಿಗೆ ಹೇಳಿಕೊಡಬೇಡಿ. ಅವರು ಅಲ್ಲಿ ನಿಮ್ಮ ಆಳಲ್ಲ, ಮಗುವಿನ ಪೋಷಕರು.
• ನಿಮ್ಮ ಅಂಗಡಿಯಿಂದ ಶಾಲೆಗೆ ಸಾಮಾನು ಹೋಗುತ್ತಿದ್ದರೆ ಆ ಖರೀದಿಯ ಚರ್ಚೆಯಲ್ಲಿ ನಿಮ್ಮ ಸಿಬ್ಬಂದಿ ಸೇರದಿರಲಿ.
• ಬಿಡುವು ಕೊಟ್ಟಿದ್ದಕ್ಕೆ ಶಾಲೆಯ ಗೇಟಿನಲ್ಲಿ ಬ್ಯಾನರ್ ಕಟ್ಟಬೇಡಿ.
• ಶಾಲೆಗೆ ಹೋದ ನಿಮ್ಮ ಸಿಬ್ಬಂದಿ ಮಕ್ಕಳ ಫೋಟೊ ತೆಗೆದು ಹಂಚಬಾರದು. ಮಗುವೊಂದರ ಜೊತೆ ಒಂಟಿಯಾಗಿ ಇರಬಾರದು. ಮಗುವಿಗೆ ತೊಂದರೆ ಆಗುತ್ತಿದೆ ಎಂದು ತಿಳಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು. ಲೈಂಗಿಕ ದೌರ್ಜನ್ಯ ಗೊತ್ತಾದರೆ ದೂರು ಕೊಡುವುದು 2012ರ ಪೋಕ್ಸೊ ಕಾಯ್ದೆಯಂತೆ ಕಡ್ಡಾಯ.

ಮನೆಯಲ್ಲಿ ಕೆಲಸ ಕೊಡುವವರಿಗೆ

ಗವಿಪುರ ಗುಟ್ಟಹಳ್ಳಿಯಿಂದ ಬಸವನಗುಡಿಗೆ, ಶ್ರೀರಾಂಪುರದಿಂದ ಮಲ್ಲೇಶ್ವರಕ್ಕೆ ಮನೆಗೆಲಸಕ್ಕೆ ಬರುವ ತಾಯಂದಿರು ಒಂದೇ ದಿನ ಮೂರ್ನಾಲ್ಕು ಮನೆ ಮಾಡುತ್ತಾರೆ. ಒಂದು ಮನೆಯವರು ಒಪ್ಪಿದರೆ ಸಾಲದು, ಉಳಿದವರೂ ಒಪ್ಪಬೇಕು. ಅಕ್ಕಪಕ್ಕದವರಿಗೆ ನೀವೇ ಹೇಳಿ: "ಶಾಲೆಯ ಮೀಟಿಂಗ್ ಇದೆ, ಅವತ್ತು ಮಧ್ಯಾಹ್ನದ ಪಾತ್ರೆ ನಾವೇ ತೊಳೆದುಕೊಳ್ಳೋಣ, ದುಡ್ಡು ಹಿಡಿಯೋದು ಬೇಡ." ಸಮಿತಿಯಲ್ಲಿ ಅರ್ಧದಷ್ಟು ಮಹಿಳೆಯರಿರಬೇಕೆಂಬ ಕಾಯ್ದೆಯ ಮಾತು ನಿಜವಾಗುವುದು ಇಂಥ ಮಾತುಕತೆಯಿಂದ.

ವರ್ಷದ ಕೊನೆಗೆ ಮೂರು ಪ್ರಶ್ನೆ

ಏಪ್ರಿಲ್‌ನಲ್ಲಿ ಸಿಬ್ಬಂದಿಯನ್ನು ಕೂರಿಸಿ ಕೇಳಿ: ಎಷ್ಟು ಸಭೆಗೆ ಹೋಗಲಾಯಿತು? ಹೋಗಲಾಗದ ದಿನ ಅಡ್ಡಿಯಾದದ್ದು ನಮ್ಮ ಕೆಲಸವೇ? ಮುಂದಿನ ವರ್ಷ ಇನ್ನೇನು ಅನುಕೂಲ ಬೇಕು? ಸಭೆಯಲ್ಲಿ ಏನು ನಡೆಯಿತೆಂದು ವರದಿ ಕೇಳಬೇಡಿ, ಅದು ಅವರ ಮತ್ತು ಶಾಲೆಯ ನಡುವಿನದು. ಉತ್ತರ ಬಂದ ಮೇಲೆ ನಿಯಮ ತಿದ್ದಿ, ಕಾಗದಕ್ಕೆ ಹೊಸ ದಿನಾಂಕ ಹಾಕಿ.

ಅಪ್ಪ ಅಮ್ಮಂದಿರು ಸಭೆಗೆ ಬಾರದ ಶಾಲೆಯಲ್ಲಿ ತೀರ್ಮಾನಗಳು ಆಗದೆ ನಿಲ್ಲುವುದಿಲ್ಲ, ಅವರಿಲ್ಲದೆಯೇ ಆಗಿಬಿಡುತ್ತವೆ. ಅವರನ್ನು ಆ ಕುರ್ಚಿಯಲ್ಲಿ ಕೂರಿಸಲು ಕೆಲಸ ಕೊಡುವವರಿಗೆ ಬೀಳುವ ಖರ್ಚು ವರ್ಷಕ್ಕೆ ಐದು ದಿನದ ಸಂಬಳ. ನಮ್ಮ ಬಡಾವಣೆಗಳ ಯಾವ ಅಂಗಡಿಯೂ, ಯಾವ ಮನೆಯೂ ಅಷ್ಟು ಕೊಡಲಾರದಷ್ಟು ಬಡವಾಗಿಲ್ಲ.