ಗಿಳಿಯ ನಂಬಿಕೆ

ಅರ್ಥವರಿಯದೆ ಕಂಠಪಾಠ ಮಾಡುವುದನ್ನು ನಮ್ಮ ಜನ ‘ಗಿಳಿಪಾಠ’ವೆಂದು ಕರೆಯುತ್ತಾರೆ. ಈ ಮಾತನ್ನು ರೂಢಿಗೆ ತಂದವರು ಗಿಳಿಯ ಕೊರಳನ್ನು ಗಮನಿಸಿದರೇ ಹೊರತು ಅದರ ಕಣ್ಣನ್ನು ಗಮನಿಸಿದಂತೆ ತೋರುವುದಿಲ್ಲ. ಹೊಸದಾಗಿ ಮನೆಗೆ ಬಂದ ಗಿಳಿಯ ಕಣ್ಣಿನಲ್ಲಿ ಮೊದಲ ದಿನ ಕಾಣುವುದು ಭಯವೊಂದೇ. ಅದು ಪಂಜರದ ಹಿಂಬದಿಯ ಮೂಲೆಗೆ ಆತುಕೊಂಡು, ಗರಿಗಳನ್ನೆಲ್ಲ ಮೈಗೆ ಒತ್ತಿ, ಕುತ್ತಿಗೆಯನ್ನು ನೀಳವಾಗಿಸಿ, ಅಲುಗಾಡದೆ ನಿಂತಿರುತ್ತದೆ. ಯಾರಾದರೂ ಸಮೀಪಿಸಿದರೆ ರೆಕ್ಕೆ ಬಡಿದು ಸರಳುಗಳಿಗೆ ಡಿಕ್ಕಿ ಹೊಡೆಯುತ್ತದೆ. ಬಟ್ಟಲಿನ ತುಂಬ ಕಾಳು ಹಣ್ಣುಗಳಿದ್ದರೂ ಮುಟ್ಟುವುದಿಲ್ಲ. ಮನೆಯ ಮಕ್ಕಳು ಅದರ ಮುಂದೆ ನಿಂತು “ರಾಮ ರಾಮ ಎನ್ನು” ಎಂದು ಕೂಗುತ್ತಾರೆ. ಅವರ ಮಟ್ಟಿಗೆ ಅದು ಅಕ್ಕರೆಯ ಕೂಗು. ಮೂಲೆಯಲ್ಲಿ ನಿಂತ ಹಕ್ಕಿಯ ಮಟ್ಟಿಗೆ ಬೇಟೆಯ ಸದ್ದು.

ಯಾವ ಗಿಳಿ ಮನೆಗೆ ಬರಬಹುದು ಎಂಬುದನ್ನು ಮೊದಲೇ ಹೇಳಬೇಕು. ನಮ್ಮ ತೋಟ ಗದ್ದೆಗಳ ಮೇಲೆ ಹಿಂಡುಹಿಂಡಾಗಿ ಹಾರುವ, ಗಂಡಿನ ಕೊರಳಲ್ಲಿ ಗುಲಾಬಿ ಬಣ್ಣದ ಉಂಗುರವಿರುವ ಹಸಿರು ಗಿಳಿಯನ್ನು ಹಿಡಿದು ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಈ ನೆಲದ ಗಿಳಿಗಳನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು ಎಲ್ಲವೂ ಅಪರಾಧ. ಮರದ ಪೊಟರೆಗೆ ಕೈಹಾಕಿ ಕದ್ದು ತಂದ ಮರಿಯ ಮುಂದೆ ಕುಳಿತು ನಂಬಿಕೆಯ ಮಾತನಾಡುವುದು ಕ್ರೂರವಾದ ವಿನೋದವೇ ಸರಿ. ಇಂದು ಮನೆಗಳಲ್ಲಿ ಕಾಣುವವು ಬಹುಮಟ್ಟಿಗೆ ಪಂಜರದಲ್ಲಿಯೇ ಹುಟ್ಟಿ ಬೆಳೆದ, ಆಸ್ಟ್ರೇಲಿಯ ಮೂಲದ ಬಜರಿಗಾರ್ ಮತ್ತು ಕಾಕಟೀಲ್ ಗಿಳಿಗಳು. (ಬಜರಿಗಾರ್ ಹಕ್ಕಿಯನ್ನೇ ನಮ್ಮ ಪೇಟೆಗಳಲ್ಲಿ ‘ಲವ್ ಬರ್ಡ್ಸ್’ ಎಂದು ಮಾರುವುದುಂಟು, ನಿಜವಾದ ಲವ್ ಬರ್ಡ್‌ಗಳು ಆಫ್ರಿಕಾದವು, ಅವು ಬೇರೆಯೇ ಜಾತಿ.) ಪಂಜರದಲ್ಲಿ ಹುಟ್ಟಿದ್ದೆಂಬ ಮಾತ್ರಕ್ಕೆ ಹಕ್ಕಿಗೆ ಭಯವಿಲ್ಲವೆಂದು ತಿಳಿಯಬಾರದು. ಒಡಹುಟ್ಟಿದವುಗಳಿಂದ ಅಗಲಿ, ಕತ್ತಲೆಯ ಪೆಟ್ಟಿಗೆಯಲ್ಲಿ ಪಯಣಿಸಿ ಬಂದ ಹಕ್ಕಿಗೆ ಹೊಸ ಮನೆಯೆಂಬುದು ಗೊತ್ತುಗುರಿಯಿಲ್ಲದ ಕಾಡು.

1977ರ ಜೂನ್ ತಿಂಗಳಿನಲ್ಲಿ ಅಮೆರಿಕದ ಷಿಕಾಗೊ ನಗರದ ಸಮೀಪದ ಅಂಗಡಿಯೊಂದರಿಂದ ಹೀಗೆಯೇ ಒಂದು ಗಿಳಿ ಪೆಟ್ಟಿಗೆಯಲ್ಲಿ ಹೊರಟಿತು. ಅದು ಆಫ್ರಿಕಾದ ಬೂದು ಗಿಳಿ; ವಯಸ್ಸು ಸುಮಾರು ಒಂದು ವರ್ಷ. ಕೊಂಡವರು ಐರೀನ್ ಪೆಪ್ಪರ್‌ಬರ್ಗ್. ಅವರು ಹಾರ್ವರ್ಡ್ ವಿಶ್ವವಿದ್ಯಾನಿಲಯದಿಂದ 1976ರಲ್ಲಿ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ಅನಂತರ ಆ ಶಾಸ್ತ್ರವನ್ನು ಬಿಟ್ಟು ಹಕ್ಕಿಗಳ ಬುದ್ಧಿಯ ಅಧ್ಯಯನಕ್ಕೆ ತೊಡಗಿದವರು. ಜಾಣ ಹಕ್ಕಿಯನ್ನೇ ಹುಡುಕಿ ತಂದರೆಂಬ ಆಕ್ಷೇಪ ಮುಂದೆ ಬಾರದಿರಲೆಂದು, ಹಿಂಡಿನಲ್ಲಿ ಯಾವುದಾದರೊಂದನ್ನು ಆರಿಸುವ ಕೆಲಸವನ್ನು ಅಂಗಡಿಯವರಿಗೇ ಬಿಟ್ಟರು. ಆ ಹಕ್ಕಿಗೆ ಅಲೆಕ್ಸ್ ಎಂದು ಹೆಸರಾಯಿತು. ಮುಂದಿನ ಮೂವತ್ತು ವರ್ಷಗಳಲ್ಲಿ ಅದು ವಸ್ತುಗಳ ಹೆಸರು, ಬಣ್ಣ, ಆಕಾರಗಳನ್ನು ಕೇಳಿದಾಗ ಹೇಳಲು, ಎಣಿಸಲು, ಎರಡು ವಸ್ತುಗಳಲ್ಲಿ ಯಾವುದು ಒಂದೇ ತೆರ, ಯಾವುದು ಬೇರೆ ಎಂಬುದನ್ನು ಗುರುತಿಸಲು ಕಲಿತು ಗಿಳಿಪಾಠವೆಂಬ ಮಾತನ್ನೇ ಸುಳ್ಳಾಗಿಸಿತು. ಆದರೆ ಇಂಡಿಯಾನಾ ರಾಜ್ಯದ ಪರ್ಡ್ಯೂ ವಿಶ್ವವಿದ್ಯಾನಿಲಯದ ಕೊಠಡಿಗೆ ಬಂದಿಳಿದಾಗ ಅಲೆಕ್ಸ್ ವಿದ್ವಾಂಸನಾಗಿರಲಿಲ್ಲ. ಪಂಜರದಿಂದ ಹೊರಗೆ ಕಾಲಿಡಲೂ ಅಂಜುವ ಬಡ ಹಕ್ಕಿಯಾಗಿತ್ತು. ಪಾಠ ಆರಂಭವಾಗುವ ಮೊದಲು ಆ ಅಂಜಿಕೆ ಕರಗಬೇಕಾಗಿತ್ತು.

ಗಿಳಿಯ ಅಂಜಿಕೆಗೆ ಕಾರಣ ಅದರ ದೇಹರಚನೆಯಲ್ಲಿಯೇ ಇದೆ. ಹದ್ದು, ಗೂಬೆಗಳಂತಹ ಬೇಟೆಗಾರ ಹಕ್ಕಿಗಳ ಕಣ್ಣು ಬಹುಮಟ್ಟಿಗೆ ಮುಂದಕ್ಕೆ ನೋಡುತ್ತದೆ. ಗಿಳಿಯ ಕಣ್ಣುಗಳಾದರೋ ತಲೆಯ ಎರಡು ಬದಿಗಳಲ್ಲಿವೆ. ಕಾಳು ಹೆಕ್ಕುತ್ತಿರುವಾಗಲೂ ಸುತ್ತಲಿನ ಅಪಾಯವನ್ನು ನೋಡಬಲ್ಲ ಏರ್ಪಾಡು ಅದು. ಬೇಟೆಗೆ ಈಡಾಗುವ ಪ್ರಾಣಿಯ ಏರ್ಪಾಡು. ಗಿಡುಗ ಮೇಲಿನಿಂದ ಎರಗುತ್ತದೆ, ಎರಡು ಕಣ್ಣುಗಳನ್ನೂ ನೆಟ್ಟು ನೇರವಾಗಿ ಎರಗುತ್ತದೆ, ಉಗುರುಗಳಿಂದ ಮೈಯನ್ನು ಹಿಡಿಯುತ್ತದೆ. ಪ್ರೀತಿಯಿಂದ ಹತ್ತಿರ ಬಂದ ಮನುಷ್ಯನೂ ಅದನ್ನೇ ಮಾಡುತ್ತಾನೆ! ಪಂಜರದ ಮೇಲೆ ಬಾಗುತ್ತಾನೆ, ನೆಟ್ಟ ನೋಟದಿಂದ ನೋಡುತ್ತಾನೆ, ಐದು ಬೆರಳುಗಳ ಕೈಯನ್ನು ಒಳಗೆ ಚಾಚುತ್ತಾನೆ. ಮೂವತ್ತು ನಲವತ್ತು ಗ್ರಾಂ ತೂಗುವ ಬಜರಿಗಾರ್ ಹಕ್ಕಿಗೆ ಆ ಕೈ ಹೇಗೆ ಕಂಡೀತೆಂಬುದನ್ನು ಊಹಿಸಬೇಕು.

ಆದುದರಿಂದ ಹಕ್ಕಿಯನ್ನು ಬಲ್ಲವರು ಮೊದಲ ಕೆಲವು ದಿನ ಏನನ್ನೂ ಮಾಡುವುದಿಲ್ಲ. ಪಂಜರವನ್ನು ಕೋಣೆಯ ನಡುವೆ ತೂಗುಹಾಕದೆ, ಒಂದು ಬದಿ ಗೋಡೆಗೆ ಆತಿರುವಂತೆ, ನಿಂತವರ ಎದೆಯ ಎತ್ತರಕ್ಕೆ ಇಡುತ್ತಾರೆ. ಬೆನ್ನ ಹಿಂದೆ ಗೋಡೆಯಿದ್ದರೆ ಹಕ್ಕಿ ಒಂದು ದಿಕ್ಕಿನ ಚಿಂತೆಯನ್ನಾದರೂ ಬಿಡಬಹುದು. ಅಡಿಗೆಮನೆಯ ಹೊಗೆ ತಾಗದಂತೆ, ಬೆಕ್ಕು ಸುಳಿಯದಂತೆ ಎಚ್ಚರ ವಹಿಸುತ್ತಾರೆ. ಸಂಜೆಯಾದೊಡನೆ ಬಟ್ಟೆ ಮುಚ್ಚಿ ಹತ್ತು ಹನ್ನೆರಡು ಗಂಟೆಗಳ ನಿದ್ರೆಗೆ ಎಡೆಮಾಡಿಕೊಡುತ್ತಾರೆ. ನೀರು ಕಾಳುಗಳನ್ನು ಬದಲಿಸುವಾಗ ನಿಧಾನವಾಗಿ ಚಲಿಸಿ, ತಗ್ಗಿದ ದನಿಯಲ್ಲಿ ಪ್ರತಿದಿನವೂ ಅದೇ ಮಾತನ್ನು ಆಡುತ್ತಾರೆ. ಉಳಿದ ವೇಳೆಯಲ್ಲಿ ಪಂಜರದಿಂದ ನಾಲ್ಕಾರು ಅಡಿ ದೂರದಲ್ಲಿ ಓರೆಯಾಗಿ ಕುಳಿತು ತಮ್ಮ ಕೆಲಸದಲ್ಲಿ ತೊಡಗಿರುತ್ತಾರೆ. ಅಕ್ಕಿ ಆರಿಸುತ್ತಿರಬಹುದು, ಪತ್ರಿಕೆ ಓದುತ್ತಿರಬಹುದು. ಹಕ್ಕಿ ಅವರನ್ನು ನೋಡುತ್ತಿರುತ್ತದೆ. ನೋಡುವ ಸರದಿ ಅದರದು.

ಒಂದು ದಿನ ಆ ಮನುಷ್ಯನ ಎದುರಿನಲ್ಲಿಯೇ ಹಕ್ಕಿ ಕೆಳಗಿಳಿದು ಒಂದು ಕಾಳನ್ನು ಕಚ್ಚಿ ಮತ್ತೆ ಮೇಲೇರುತ್ತದೆ. ನೋಡುವವರಿಗೆ ಇದು ಅಲ್ಪವೆನಿಸಬಹುದು. ಆದರೆ ತಲೆ ತಗ್ಗಿಸಿ ತಿನ್ನುವ ಕ್ಷಣವೇ ಬೇಟೆಗೆ ಸಿಕ್ಕುವ ಕ್ಷಣವಾದುದರಿಂದ, ಅಪರಿಚಿತನ ಮುಂದೆ ತಿಂದ ಆ ಒಂದು ಕಾಳು ಬಹಳ ದೊಡ್ಡ ಸಂಗತಿ. ಅನಂತರದ ಗುರುತುಗಳು ಒಂದೊಂದಾಗಿ ಬರುತ್ತವೆ. ಒತ್ತಿ ಹಿಡಿದಿದ್ದ ಗರಿಗಳು ಸಡಿಲವಾಗುತ್ತವೆ. ಹಕ್ಕಿ ಕೊಕ್ಕಿನಿಂದ ಮೈ ತೀಡಿಕೊಳ್ಳುತ್ತದೆ. ಒಂದು ಕಾಲನ್ನು ಹೊಟ್ಟೆಯ ಗರಿಗಳಲ್ಲಿ ಅಡಗಿಸಿ ಒಂಟಿಕಾಲಿನಲ್ಲಿ ನಿಲ್ಲುತ್ತದೆ. ನಿದ್ರೆಗೆ ಮುನ್ನ ಕೊಕ್ಕನ್ನು ಮೆಲ್ಲನೆ ಕರಕರನೆ ತೇಯುತ್ತದೆ. ತಟ್ಟನೆ ಹಾರಲು ಸಿದ್ಧವಾಗಿರುವ ಹಕ್ಕಿ ಒಂಟಿಕಾಲಿನಲ್ಲಿ ನಿಲ್ಲುವುದಿಲ್ಲ.

ಈ ಹಂತ ಬಂದ ಮೇಲೆ ನವಣೆಯ ಒಂದು ತೆನೆಯನ್ನು ಸರಳುಗಳ ನಡುವಿನಿಂದ ಕೊಡುವುದುಂಟು. ಮೊದಮೊದಲು ಉದ್ದನೆಯ ತೆನೆ, ಬೆರಳು ದೂರವಿರಲೆಂದು. ದಿನ ಕಳೆದಂತೆ ತೆನೆ ಗಿಡ್ಡವಾಗುತ್ತದೆ. ಹಕ್ಕಿ ಹಿಂದೆ ಸರಿದರೆ ಕೈಯೂ ಹಿಂದೆ ಸರಿಯಬೇಕು. ಇಲ್ಲಿಯೇ ಅನೇಕರು ತಪ್ಪುವುದು. ಇನ್ನೊಂದು ಅಂಗುಲ ಮುಂದೆ ಹೋದರೆ ಏನಾದೀತೆಂದು ಅವಸರಪಟ್ಟು ಎರಡು ವಾರದ ದುಡಿಮೆಯನ್ನು ಎರಡು ಕ್ಷಣದಲ್ಲಿ ಕಳೆದುಕೊಳ್ಳುತ್ತಾರೆ. ಹಕ್ಕಿ ಸರಿದಾಗ ಕೈ ಸರಿದರೆ, ತಾನು ಬೇಡವೆಂದರೆ ಈ ಪ್ರಾಣಿ ನಿಲ್ಲುತ್ತದೆ ಎಂಬುದು ಹಕ್ಕಿಗೆ ತಿಳಿಯುತ್ತದೆ. ಆಮೇಲೆ ಪಂಜರದ ಬಾಗಿಲಲ್ಲಿ ಒಂದು ಕಡ್ಡಿ, ಅದರ ಪಕ್ಕದಲ್ಲಿ ಒಂದು ಬೆರಳು. ಕಾಲನ್ನು ಎತ್ತಿಡುವ ಕೆಲಸ ಮಾತ್ರ ಹಕ್ಕಿಯದೇ. ಹೊರಗೆ ಬಿಡುವ ಮುನ್ನ ಮಾಡಿನ ಫ್ಯಾನನ್ನು ನಿಲ್ಲಿಸಿ ಕಿಟಕಿಗಳನ್ನು ಮುಚ್ಚಬೇಕೆಂಬುದನ್ನು ಮರೆತ ಮನೆಗಳಲ್ಲಿ ಆದ ಅನಾಹುತಗಳು ಕಡಮೆಯಲ್ಲ.

ಇಷ್ಟು ತಾಳ್ಮೆಯಿಲ್ಲದವರು ಬೇರೊಂದು ದಾರಿ ಹಿಡಿಯುತ್ತಾರೆ. ಟವಲಿನಿಂದ ಸುತ್ತಿ, ದಪ್ಪ ಗವುಸು ತೊಟ್ಟು, ಹಕ್ಕಿ ಕಚ್ಚಲಿ ಕೂಗಲಿ, ಬಿಡದೆ ಹಿಡಿದುಕೊಂಡಿರುತ್ತಾರೆ. ಸ್ವಲ್ಪ ಹೊತ್ತಿಗೆ ಹಕ್ಕಿ ಸುಮ್ಮನಾಗುತ್ತದೆ. “ನೋಡಿ, ಹೇಗೆ ಪಳಗಿತು!” ಎಂದು ಅವರು ಹಿಗ್ಗುತ್ತಾರೆ. ಆದರೆ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲವೆಂದು ಕೈಚೆಲ್ಲಿದ ಪ್ರಾಣಿಯೂ ಸುಮ್ಮನಾಗುತ್ತದೆ. ಇವೆರಡು ಮೌನಗಳು ಹೊರನೋಟಕ್ಕೆ ಒಂದೇ. ಅಂತಹ ಹಕ್ಕಿ ಮುಂದೆ ಕೈಯನ್ನು ಕಂಡೊಡನೆ ಕಚ್ಚಬಹುದು, ತನ್ನ ಗರಿಗಳನ್ನು ತಾನೇ ಕಿತ್ತು ಬರಿಮೈಯಾಗಲೂಬಹುದು.

ವಿಜ್ಞಾನಶಾಲೆಗಳೂ ಬಹುಕಾಲ ಈ ಬಲಾತ್ಕಾರದ ದಾರಿಯಿಂದ ದೂರವಿರಲಿಲ್ಲ. ಪ್ರಯೋಗದ ಹಕ್ಕಿಗಳನ್ನು ಒಂಟಿಯಾಗಿ ಪೆಟ್ಟಿಗೆಯಲ್ಲಿಟ್ಟು, ಅವುಗಳ ಸಹಜ ತೂಕದ ಶೇಕಡ 80ಕ್ಕೆ ಇಳಿಯುವಷ್ಟು ಉಪವಾಸ ಕೆಡವಿ, ಹಸಿವಿನ ಬಲದಿಂದ ಕಲಿಸುವುದು ಅಂದಿನ ರೂಢಿಯಾಗಿತ್ತು. ಪೆಪ್ಪರ್‌ಬರ್ಗ್ ಅದನ್ನು ಒಪ್ಪಲಿಲ್ಲ. ಗಿಳಿ ಹಿಂಡಿನ ಹಕ್ಕಿ. ಸಂಗಡಿಗರ ನಡುವೆ ಕಲಿಯುವ ಹಕ್ಕಿ. ಜರ್ಮನಿಯ ಡೀಟ್‌ಮಾರ್ ಟೋಟ್ 1975ರಲ್ಲಿ ಪ್ರಕಟಿಸಿದ ವಿಧಾನವೊಂದನ್ನು ಅವರು ತಿದ್ದಿ ಬಳಸಿದರು. ಅಲೆಕ್ಸನ ಎದುರಿನಲ್ಲಿ ಇಬ್ಬರು ಮನುಷ್ಯರು ಕುಳಿತುಕೊಳ್ಳುವರು. ಒಬ್ಬರು ಒಂದು ವಸ್ತುವನ್ನು ತೋರಿಸಿ ಹೆಸರು ಕೇಳುವರು, ಇನ್ನೊಬ್ಬರು ಹೇಳುವರು. ಸರಿಯಾದರೆ ಆ ವಸ್ತುವೇ ಬಹುಮಾನ. ಮತ್ತೆ ಅವರ ಪಾತ್ರಗಳು ಅದಲುಬದಲು. ಅಲೆಕ್ಸ್ ಬದಿಯಲ್ಲಿ ನಿಂತು ನೋಡುತ್ತಿದ್ದು, ಆಸೆಯಾದಾಗ ತಾನೂ ಮಾತಿನೊಳಗೆ ನುಗ್ಗುತ್ತಿತ್ತು. ಹಿಂಡಿಗೆ ಸೇರಿದ ಹಕ್ಕಿಯ ನಡತೆ ಅದು.

ಇಂದು ಆಫ್ರಿಕಾದ ಕಾಡುಗಳಲ್ಲಿ ಬೂದು ಗಿಳಿಗಳ ಸಂಖ್ಯೆ ತುಂಬ ಕುಗ್ಗಿದೆ. ಕಾಡಿನಿಂದ ಹಿಡಿದ ಆ ಗಿಳಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸಲು 2016ರಲ್ಲಿ ರಾಷ್ಟ್ರಗಳು ನಿರ್ಧರಿಸಿದವು. ಅಲೆಕ್ಸನ ಪೀಳಿಗೆಯ ಎಷ್ಟು ಹಕ್ಕಿಗಳು ಪೆಟ್ಟಿಗೆಯೊಳಗೇ ಕೊನೆಯುಸಿರೆಳೆದವೋ ಲೆಕ್ಕವಿಟ್ಟವರಿಲ್ಲ.

ಅಲೆಕ್ಸ್ 2007ರ ಸೆಪ್ಟೆಂಬರ್ 6ರಂದು, ತನ್ನ 31ನೆಯ ವಯಸ್ಸಿನಲ್ಲಿ ತೀರಿಕೊಂಡಿತು. ಅದರ ವಿಷಯವಾಗಿ ಪತ್ರಿಕೆಗಳು ಹೆಚ್ಚಾಗಿ ಬರೆದದ್ದು ಎಣಿಕೆಯನ್ನೂ ಬಣ್ಣಗಳನ್ನೂ ಕುರಿತು. ಅದು ಕಲಿತ ಇನ್ನೊಂದು ಬಗೆಯ ಮಾತು ಅಷ್ಟು ಹೆಸರಾಗಲಿಲ್ಲ. ಬೇಡವಾದುದನ್ನು ‘ಇಲ್ಲ’ ಎಂದು ನಿರಾಕರಿಸಲು ಅದಕ್ಕೆ ಬರುತ್ತಿತ್ತು. ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದರೆ ಬೇಸತ್ತು, ಪರೀಕ್ಷೆಯ ನಡುವಿನಲ್ಲಿಯೇ ಪಂಜರಕ್ಕೆ ಹಿಂತಿರುಗಬೇಕೆಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳುತ್ತಿತ್ತು. ಮೊದಮೊದಲು ಪಂಜರದಿಂದ ಹೊರಬರಲು ನಡುಗಿದ ಹಕ್ಕಿ, ಈಗ ತನ್ನ ಇಷ್ಟದಂತೆ ಅಲ್ಲಿಗೆ ಮರಳಲು ಅಪ್ಪಣೆ ಕೊಡುತ್ತಿತ್ತು. ಎದುರಿಗಿದ್ದವರು ಪ್ರಶ್ನೆಗಳ ಹಾಳೆಯನ್ನು ಪಕ್ಕಕ್ಕಿಟ್ಟು ಕೈ ಚಾಚಿದರೆ, ಅಲೆಕ್ಸ್ ಆ ಕೈಯನ್ನೇರಿ ಮನೆಗೆ ಹೋಗುತ್ತಿತ್ತು.