ತಾಯಿಗುದುರೆಯ ಮೇವಿನ ಲೆಕ್ಕ

ಕುದುರೆ ಸಾಕುವುದು ಅರಸರ ಕೆಲಸವೆಂದು ನಮ್ಮ ಜನರ ಭಾವನೆ. ಅದು ನಿರಾಧಾರವೇನೂ ಅಲ್ಲ. ಟೀಪೂ ಸುಲ್ತಾನನ ಕಾಲದಲ್ಲಿ ಕುಣಿಗಲ್ಲಿನಲ್ಲಿ ದಂಡಿಗಾಗಿ ಕುದುರೆಗಳನ್ನು ಬೆಳೆಸುತ್ತಿದ್ದರು. ಅಲ್ಲಿ ಹುಲ್ಲೂ ಅರಸನದು, ಕುದುರೆಯೂ ಅರಸನದು. ಆದರೆ ಅಮೆರಿಕದ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್ ನಗರದ ಸುತ್ತಲಿನ ಸುಣ್ಣಕಲ್ಲಿನ ಸೀಮೆಯಲ್ಲಿ, ಅಂಗೈಯಗಲ ಭೂಮಿ ಇಲ್ಲದವರೂ ಪಂದ್ಯದ ತಳಿಯ ಹೆಣ್ಣುಕುದುರೆಗಳಿಗೆ ಒಡೆಯರಾಗಿರುವುದುಂಟು. ಅಂಥವರು ತಮ್ಮ ಕುದುರೆಯನ್ನು ಅನ್ಯರ ಫಾರಂನಲ್ಲಿ ಬಿಟ್ಟು, ದಿನಕ್ಕಿಷ್ಟೆಂದು ಹಣ ತೆರುತ್ತಾರೆ.

ನಮ್ಮ ಹಳ್ಳಿಗಳಲ್ಲಿಯೂ ಕಡಸನ್ನು ಪಾಲಿಗೆ ಬಿಡುವುದುಂಟಷ್ಟೆ. ಹುಟ್ಟುವ ಕರುವಿನಲ್ಲಿ ಸಾಕಿದವನಿಗೂ ಭಾಗವಿರುವುದರಿಂದ, ಕಡಸು ಗಬ್ಬವಾಗದಿದ್ದರೆ ನಷ್ಟ ಇಬ್ಬರದೂ ಹೌದು. ಕೆಂಟಕಿಯ ದಿನಲೆಕ್ಕದಲ್ಲಿ ಹಾಗಲ್ಲ. ಫಾರಂನವನಿಗೆ ಅವನ ಹಣ ಬಂದೇ ಬರುತ್ತದೆ.

ಆ ಹಣ ಎಲ್ಲಿ ವ್ಯಯವಾಗುತ್ತದೆ? ಸುಮಾರು 500 ಕಿಲೋ ತೂಗುವ ಕುದುರೆಗೆ ದಿನಕ್ಕೆ 10 ಕಿಲೋ ಒಣಮೇವು ಬೇಕು; ಹಾಲೂಡುವ ಕಾಲದಲ್ಲಿ ಅದು 15 ಕಿಲೋ ಮುಟ್ಟಬಹುದು. ಮೇವಿಗಿಂತಲೂ ದುಬಾರಿಯಾದುದು ಕಾವಲು. ಕುದುರೆ ಬಹುಮಟ್ಟಿಗೆ ರಾತ್ರಿಯ ಹೊತ್ತೇ ಈಯುತ್ತದೆ. ಮರಿಯು ಒಂದು ಗಂಟೆಯೊಳಗೆ ಎದ್ದು ನಿಲ್ಲಬೇಕು, ಎರಡು ಗಂಟೆಯೊಳಗೆ ಮೊಲೆಯುಣ್ಣಬೇಕು. ರೋಗವನ್ನು ತಡೆಯುವ ಶಕ್ತಿ ಅದಕ್ಕೆ ಬರುವುದು ಗಿಣ್ಣುಹಾಲಿನಿಂದ; ಒಂದು ದಿನ ಕಳೆದ ಮೇಲೆ ಕುಡಿಸಿದರೆ ಕರುಳು ಆ ಶಕ್ತಿಯನ್ನು ಹೀರಿಕೊಳ್ಳಲಾರದು. ಆದುದರಿಂದ ಒಂದು ರಾತ್ರಿಯ ಸಲುವಾಗಿ ಹಲವು ರಾತ್ರಿ ನಿದ್ದೆಗೆಡುವ ಆಳು ಬೇಕು. ಲಾಳ ಕಟ್ಟುವವನದೂ ಪಶುವೈದ್ಯನದೂ ಬೇರೆ ಬಿಲ್ಲು.

ಇನ್ನು ಲೆಕ್ಕಕ್ಕೆ ಬರೋಣ. ದಿನಕ್ಕೆ 40 ಡಾಲರು ಎಂದು ಇಟ್ಟುಕೊಳ್ಳಿರಿ. ಇದು ನಿಜದ ದರವಲ್ಲ, ಪಾಠದ ದರ. ಕುದುರೆಯ ಗರ್ಭಕಾಲ ಸುಮಾರು 340 ದಿನ. ಮಾರ್ಚ್ 15ರಂದು ಗಬ್ಬವಾದುದು ಮರುವರ್ಷ ಫೆಬ್ರವರಿ 18ರಂದು ಈಯುತ್ತದೆ. ಹಾಲು ಬಿಡಿಸುವುದು ಆರು ತಿಂಗಳಿಗೆ, ಎಂದರೆ ಆಗಸ್ಟ್ 18ಕ್ಕೆ. ಅಲ್ಲಿಯವರೆಗೆ 340ಕ್ಕೆ 181 ಕೂಡಿ 521 ದಿನ; ಹಣ 20,840 ಡಾಲರು. ಹಾಲು ಕುಡಿಯುವ ಮರಿಗೆ ಅನೇಕ ಫಾರಂಗಳಲ್ಲಿ ಪ್ರತ್ಯೇಕ ಹಣವಿಲ್ಲ. ಹಾಲು ಬಿಟ್ಟೊಡನೆ ಅದರ ಹೆಸರಿನಲ್ಲಿಯೂ ಲೆಕ್ಕ ತೆರೆಯುತ್ತದೆ. ವರ್ಷದ ಮರಿಗಳನ್ನು ಹರಾಜು ಹಾಕುವುದು ಮುಂದಿನ ಸೆಪ್ಟೆಂಬರಿನಲ್ಲಿ. 10ನೆಯ ತಾರೀಖಿಗೆ ಮಾರಿದರೂ 388 ದಿನ, 15,520 ಡಾಲರು. ಒಟ್ಟು 36,360 ಡಾಲರು ತೆತ್ತ ಮೇಲೆಯೇ ಮೊದಲ ಕಾಸು ಒಡೆಯನ ಕೈಸೇರುವುದು.

ಇಲ್ಲೊಂದು ಸ್ವಾರಸ್ಯವಿದೆ. ಪಂದ್ಯದ ಕುದುರೆಗಳಿಗೆಲ್ಲ ಅಲ್ಲಿ ಜನವರಿ 1ರಂದೇ ಒಂದು ವರ್ಷ ತುಂಬಿತೆಂದು ಗಣನೆ. ಮೇ ತಿಂಗಳಲ್ಲಿ ಹುಟ್ಟಿದ ಮರಿ ಜನವರಿಯ ಮರಿಯೊಡನೆ ಸರಿಸಮನಾಗಿ ನಿಲ್ಲಬೇಕು. ಕೊಳ್ಳುವವರಿಗೆ ಅದು ಸಣ್ಣದಾಗಿ ಕಾಣುತ್ತದೆ. ಪ್ರತಿವರ್ಷ ಅದೇ ತಾರೀಖಿಗೆ ಈಯಬೇಕಾದರೆ 365ರಲ್ಲಿ 340 ಕಳೆದು ಉಳಿಯುವ 25 ದಿನಗಳೊಳಗೆ ಕುದುರೆ ಮತ್ತೆ ಗಬ್ಬವಾಗಬೇಕು. ಬೆದೆ ಬರುವುದು 21 ದಿನಗಳಿಗೊಮ್ಮೆ. ಒಂದು ತಪ್ಪಿದರೆ ಮೂರು ವಾರ ಹಿಂದೆ ಬೀಳುತ್ತದೆ. ಹೀಗೆ ಜಾರಿ ಜಾರಿ ಋತು ಮುಗಿದಾಗ ಒಂದು ವರ್ಷ ಬರಿದೇ ಬಿಡಬೇಕಾಗುತ್ತದೆ. ಆ ಬರಿಯ ವರ್ಷಕ್ಕೂ 14,600 ಡಾಲರು!

ಮರಿ ಹುಟ್ಟಿ, ನಿಂತು, ಮೊಲೆಯುಂಡರೆ ಮಾತ್ರ ಬೀಜದ ಕುದುರೆಯ ಶುಲ್ಕ ಸಲ್ಲತಕ್ಕದ್ದೆಂಬ ಕರಾರು ಕೆಂಟಕಿಯಲ್ಲಿ ಸಾಮಾನ್ಯ. ಮೇವಿಗೆ ಅಂಥ ಕರಾರಿಲ್ಲ. 2001ರ ವಸಂತದಲ್ಲಿ ಅಲ್ಲಿ ಸಾವಿರಾರು ಕುದುರೆಗಳ ಗರ್ಭ ನಷ್ಟವಾಯಿತು. ಕಾಡುಚೆರ್ರಿ ಮರಗಳ ಎಲೆ ತಿಂದು ಬೆಳೆದ ಕಂಬಳಿಹುಳುಗಳು ಹುಲ್ಲಿನ ಮೇಲೆ ಹರಡಿ, ಮೇಯುವ ಕುದುರೆಗಳ ಹೊಟ್ಟೆ ಸೇರಿದುದೇ ಕಾರಣವೆಂದು ಅನಂತರದ ಪ್ರಯೋಗಗಳಿಂದ ತಿಳಿಯಿತು. ಮರಿಗಳಿಲ್ಲವಾದರೂ ತಾಯಿಗಳು ದಿನವೂ ತಿನ್ನುತ್ತಲೇ ಇದ್ದುವು.

ವಿದ್ಯಾರ್ಥಿಗಳೇ, ತಂದೆತಾಯಿಗಳ ಜೊತೆಗೆ ಕುಳಿತು ಇದನ್ನು ಮಾಡಿ ನೋಡಿರಿ. ಏಪ್ರಿಲ್ 10ರಂದು ಈದ ಕುದುರೆಗೆ ಹತ್ತು ದಿನಗಳ ಮೇಲೆ ಮೊದಲ ಬೆದೆ ಬಂದಿತು. ಆಗಲೂ, ಎರಡನೆಯ ಬೆದೆಯಲ್ಲಿಯೂ ಅದು ಗಬ್ಬವಾಗದೆ, ಮೂರನೆಯದರಲ್ಲಿ ಆಯಿತು. ಮುಂದಿನ ಮರಿ ಯಾವ ತಾರೀಖಿಗೆ ಹುಟ್ಟೀತು? ಎರಡು ಮರಿಗಳ ನಡುವೆ ತೆರಬೇಕಾದ ಹಣವೆಷ್ಟು?