ಲಾರಿಯವರು ದಾರಿ ಕಂಡುಕೊಳ್ಳುವುದು ಹೇಗೆ?



ಸಮಾಜ ವಿಜ್ಞಾನದಲ್ಲಿ ಸಾರಿಗೆಯ ಪಾಠ ಮುಗಿದ ಮೇಲೆ ನಮ್ಮ ಗುರುಗಳು, "ಪುಸ್ತಕದಲ್ಲಿ ಇಲ್ಲದ್ದನ್ನು ಮನೆಯಲ್ಲಿ ಕೇಳಿ ಬರೆಯಿರಿ" ಎಂದರು. ನನ್ನ ಅಪ್ಪ ಲಾರಿ ಚಾಲಕರು. ಮಂಗಳೂರಿನಿಂದ ಗೊಬ್ಬರ ತುಂಬಿಕೊಂಡು ಹುಬ್ಬಳ್ಳಿ ಕಡೆಗೆ ಹೋಗುತ್ತಾರೆ, ಬರುವಾಗ ಈರುಳ್ಳಿಯೋ ಮೆಣಸಿನಕಾಯಿಯೋ ತರುತ್ತಾರೆ. ನಡುವೆ ಮುಟ್ಟಳ್ಳಿಯಲ್ಲಿ ಒಂದು ರಾತ್ರಿ ಮನೆಯಲ್ಲಿ ಉಳಿಯುತ್ತಾರೆ. ಅಂಥ ಒಂದು ರಾತ್ರಿ ಊಟವಾದ ಮೇಲೆ ಅವರನ್ನು ಕೇಳಿ ಬರೆದುಕೊಂಡ ವಿಷಯ ಇದು.

1. ರಸ್ತೆಯ ಸಂಖ್ಯೆ

ನಮ್ಮೂರಿನ ಹತ್ತಿರ ಹೋಗುವ ಹೆದ್ದಾರಿಗೆ ಮೊದಲು 17 ಎಂಬ ಸಂಖ್ಯೆ ಇತ್ತು. 2010ರಲ್ಲಿ ದೇಶದ ಹೆದ್ದಾರಿಗಳ ಸಂಖ್ಯೆ ಬದಲಾದಾಗ ಅದು 66 ಆಯಿತು. ಹಿರಿಯ ಚಾಲಕರು ಈಗಲೂ "ಹದಿನೇಳು" ಅಂತಲೇ ಹೇಳುತ್ತಾರೆ. ಇದು ಮಹಾರಾಷ್ಟ್ರದ ಪನ್ವೇಲ್‌ನಿಂದ ಗೋವಾ, ಕಾರವಾರ, ಭಟ್ಕಳ, ಮಂಗಳೂರು, ಕೇರಳ ದಾಟಿ ಕನ್ಯಾಕುಮಾರಿಗೆ ಹೋಗುತ್ತದೆ.

ಈ ಸಂಖ್ಯೆಗಳಿಗೆ ಒಂದು ನಿಯಮವಿದೆ. ಸಮ ಸಂಖ್ಯೆ ಇದ್ದರೆ ರಸ್ತೆ ಉತ್ತರ-ದಕ್ಷಿಣ. ಬೆಸ ಸಂಖ್ಯೆ ಇದ್ದರೆ ಪೂರ್ವ-ಪಶ್ಚಿಮ. 66 ಸಮ, ಆದ್ದರಿಂದ ಅದು ಕರಾವಳಿಯ ಉದ್ದಕ್ಕೂ ಹೋಗುತ್ತದೆ. ಹೊನ್ನಾವರದಿಂದ ಗೇರುಸೊಪ್ಪ, ಸಾಗರ, ಶಿವಮೊಗ್ಗ ದಾಟಿ ಆಂಧ್ರದ ಚಿತ್ತೂರಿನವರೆಗೆ ಹೋಗುವುದು 69. ಮೂರು ಅಂಕಿ ಇದ್ದರೆ ಅದು ಕವಲು ರಸ್ತೆ, ಕೊನೆಯ ಎರಡು ಅಂಕಿ ತಾಯಿ ರಸ್ತೆಯದ್ದು. ಕುಮಟಾದಿಂದ ಶಿರಸಿಗೆ ಹತ್ತುವ ರಸ್ತೆ 766ಇ. ಅಂದರೆ 66ರ ಕವಲು!

2. ಕಲ್ಲಿನ ಬಣ್ಣ

ಕಿಲೋಮೀಟರ್ ಕಲ್ಲಿನ ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ, ಕೇಸರಿ ಇದ್ದರೆ ಹಳ್ಳಿಯ ರಸ್ತೆ. ರಾತ್ರಿ ದಾರಿ ತಪ್ಪಿದರೆ ಅಪ್ಪ ಮೊದಲು ನೋಡುವುದು ಕಲ್ಲಿನ ಬಣ್ಣ. "ಹಳದಿ ಬಿಟ್ಟು ಕೇಸರಿ ಸಿಕ್ಕಿದ್ರೆ ಅಲ್ಲೇ ನಿಲ್ಲಿಸ್ಬೇಕು, ಮುಂದೆ ಲಾರಿ ತಿರುಗಿಸ್ಲಿಕ್ಕೆ ಜಾಗ ಸಿಗೂದಿಲ್ಲ" ಎನ್ನುತ್ತಾರೆ.

3. ಹತ್ತಿರದ ದಾರಿ ಲಾರಿಯ ದಾರಿ ಅಲ್ಲ

ಮೊಬೈಲಿನ ನಕ್ಷೆ ನೋಡಿದರೆ ಭಟ್ಕಳದಿಂದ ಸಾಗರಕ್ಕೆ ಕೋಗಾರ ಘಟ್ಟದ ದಾರಿ ಹತ್ತಿರ. ಆದರೆ ರಸ್ತೆ ಕಿರಿದು, ತಿರುವು ಹೆಚ್ಚು. ಲೋಡು ಇದ್ದರೆ ಅಪ್ಪ ಹೊನ್ನಾವರಕ್ಕೆ ಹೋಗಿಯೇ ಘಟ್ಟ ಹತ್ತುತ್ತಾರೆ. 14 ಕಡಿದಾದ ತಿರುವುಗಳಿರುವ ಆಗುಂಬೆ ಘಟ್ಟದಲ್ಲಿ ಭಾರೀ ವಾಹನಗಳನ್ನು ಬಿಡುವುದೇ ಇಲ್ಲ. ಹೊರಡುವ ಮೊದಲು ನೋಡಬೇಕಾದದ್ದು ಇವು: ಲಾರಿಯ ಭಾರ ಮತ್ತು ಎತ್ತರ, ಸೇತುವೆಯ ಬಲ, ಘಟ್ಟದ ಏರು, ಪಟ್ಟಣದೊಳಗೆ ಲಾರಿ ಬಿಡುವ ಸಮಯ, ರಾತ್ರಿ ನಿಲ್ಲಿಸಲು ಜಾಗ.

ಘಟ್ಟದಲ್ಲಿ ಎರಡು ನಿಯಮ ನೆನಪಿಡಬೇಕು. ಹತ್ತುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕು. ಯಾವ ಗೇರಿನಲ್ಲಿ ಹತ್ತುತ್ತೇವೋ ಅದೇ ಗೇರಿನಲ್ಲಿ ಇಳಿಯಬೇಕು, ಇಲ್ಲದಿದ್ದರೆ ಬ್ರೇಕು ಕಾದು ಹಿಡಿಯುವುದಿಲ್ಲ.

ಕಾಗದಪತ್ರಕ್ಕೂ ದಾರಿಗೂ ಸಂಬಂಧವಿದೆ. ಸರಕಿನ ಇ-ವೇ ಬಿಲ್ಲಿಗೆ 200 ಕಿ.ಮೀ.ಗೆ ಒಂದು ದಿನದಂತೆ ಅವಧಿ ಇರುತ್ತದೆ. ಮಂಗಳೂರು-ಹುಬ್ಬಳ್ಳಿ 200ಕ್ಕಿಂತ ಹೆಚ್ಚು, 400ಕ್ಕಿಂತ ಕಡಿಮೆ. ಆದ್ದರಿಂದ ಎರಡು ದಿನ. ತಡೆಯಾದರೆ ಕಾರಣ ತೋರಿಸಿ ಅವಧಿ ಹೆಚ್ಚಿಸಿಕೊಳ್ಳಬಹುದು.

ಕೆಲವು ಲಾರಿಗಳು ರೈಲಿನ ಮೇಲೆಯೇ ಹೋಗುತ್ತವೆ. ಕೊಂಕಣ ರೈಲ್ವೆಯಲ್ಲಿ 1999ರಲ್ಲಿ ಶುರುವಾದ ಈ ವ್ಯವಸ್ಥೆಗೆ ರೋ-ರೋ ಎಂದು ಹೆಸರು. ಸಾಲಾಗಿ ಲಾರಿ ಹೊತ್ತ ರೈಲನ್ನು ನೀವೂ ನೋಡಿ ಕೈ ಬೀಸಿರಬಹುದು!

4. ಎರಡು ಶಿರೂರು

ಈಗ ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. 2024ರ ಜುಲೈ 16, ಮಂಗಳವಾರ. ನಾನಾಗ ಏಳನೆಯ ತರಗತಿ. ಜೋರು ಮಳೆ. ಅಪ್ಪ ಬೆಳಿಗ್ಗೆ ಲೋಡಿನ ಲಾರಿ ತೆಗೆದುಕೊಂಡು ಅಂಕೋಲಾ ಮೇಲೆ ಹುಬ್ಬಳ್ಳಿಗೆ ಹೊರಟಿದ್ದರು. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯವರು ಬಂದು, "ಶಿರೂರಲ್ಲಿ ಹೆದ್ದಾರಿ ಮೇಲೆ ಗುಡ್ಡ ಜರಿದಿದೆಯಂತೆ" ಎಂದರು. ಅಮ್ಮನಿಗೆ ಸಮಾಧಾನವಾಯಿತು. ಏಕೆಂದರೆ ನಮಗೆ ಗೊತ್ತಿದ್ದ ಶಿರೂರು ಭಟ್ಕಳದ ದಕ್ಷಿಣಕ್ಕೆ, ಬೈಂದೂರು ತಾಲೂಕಿನಲ್ಲಿದೆ. ಅಪ್ಪ ಅದನ್ನು ಹಿಂದಿನ ರಾತ್ರಿಯೇ ದಾಟಿ ಬಂದಿದ್ದರು.

ಟೀವಿ ಹಾಕಿದಾಗ ಗೊತ್ತಾಯಿತು, ಅದು ಅಂಕೋಲಾ ತಾಲೂಕಿನ ಶಿರೂರು! ಗಂಗಾವಳಿ ನದಿಯ ದಡ, ಅಪ್ಪ ಹೋಗುವ ದಾರಿ. ಅಲ್ಲಿ ಚಾಲಕರು ನಿಲ್ಲಿಸಿ ಚಹಾ ಕುಡಿಯುವ ಅಂಗಡಿಯೇ ಕೊಚ್ಚಿಹೋಗಿತ್ತು. ಅಪ್ಪನ ಫೋನು ಹತ್ತಲಿಲ್ಲ. 2022ರ ಆಗಸ್ಟ್ 2ರಂದು ನಮ್ಮ ಮುಟ್ಟಳ್ಳಿಯಲ್ಲೇ ಮನೆಯ ಮೇಲೆ ಗುಡ್ಡ ಜರಿದು ನಾಲ್ವರು ತೀರಿಕೊಂಡಿದ್ದರು. ಆದ್ದರಿಂದ ಗುಡ್ಡ ಜರಿಯುವುದು ಅಂದರೆ ಏನು ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಮ್ಮ ಅನ್ನಕ್ಕೆ ಇಟ್ಟ ನೀರು ಕುದಿದು ಕುದಿದು ಬತ್ತಿತು, ಅಕ್ಕಿ ಹಾಕಲಿಲ್ಲ.

ಹನ್ನೊಂದು ಗಂಟೆಗೆ ಅಪ್ಪನೇ ಫೋನ್ ಮಾಡಿದರು. ಕುಮಟಾ ದಾಟಿ ಮಿರ್ಜಾನ್ ಹತ್ತಿರ ಹೋಗುವಾಗ ಎದುರಿನಿಂದ ಒಂದು ವಾಹನವೂ ಬರುತ್ತಿರಲಿಲ್ಲವಂತೆ. "ಮಳೆ ಅಂದ್ರೂ ಹೆದ್ದಾರಿ ಖಾಲಿ ಇರೂದಿಲ್ಲ. ಮುಂದೆ ಏನೋ ಆಗಿದೆ ಅಂತ ಬದಿಗೆ ನಿಲ್ಲಿಸಿದೆ" ಎಂದರು. ಅಲ್ಲಿದ್ದವರನ್ನು ಕೇಳಿದಾಗ ಸುದ್ದಿ ತಿಳಿಯಿತು.

ಕ್ಲೀನರ್ ಅಣ್ಣ ಮೊಬೈಲಿನಲ್ಲಿ ಒಳದಾರಿ ತೋರಿಸಿದರಂತೆ. ಅಪ್ಪ ಒಪ್ಪಲಿಲ್ಲ. ಲಾರಿ ತಿರುಗಿಸಿ ಕುಮಟಾಕ್ಕೆ ಬಂದು, ಘಟ್ಟದಿಂದ ಇಳಿದು ಬಂದ ಚಾಲಕರನ್ನು ಹುಡುಕಿ ಕೇಳಿದರು. ಶಿರಸಿಯ ಕೆಎ 31, ಸಾಗರದ ಕೆಎ 15 ಎಂದು ನಂಬರ್ ಪ್ಲೇಟು ನೋಡಿದರೆ ಯಾರು ಆ ದಾರಿಯವರು ಎಂದು ತಿಳಿಯುತ್ತದೆ. ಇಬ್ಬರು ಮೂವರನ್ನು ಕೇಳಿ, ಮೂವರೂ "ಮಣ್ಣು ಸಡಿಲ ಆಗಿದೆ" ಎಂದ ಮೇಲೆ ಆ ದಿನ ಘಟ್ಟ ಹತ್ತಲಿಲ್ಲ. ಮಾಲೀಕರು ಎರಡು ಸಲ ಫೋನ್ ಮಾಡಿ ಸಿಟ್ಟು ಮಾಡಿದರು. ಮೂರು ದಿನದ ಬಾಡಿಗೆ ಹೋಯಿತು. ಆ ತಿಂಗಳು ನನ್ನ ಹೊಸ ಚೀಲ ಬರಲಿಲ್ಲ. ನಾನು ಕೇಳಲೂ ಇಲ್ಲ.

ಶಿರೂರಿನಲ್ಲಿ ನದಿಗೆ ಬಿದ್ದ ಒಂದು ಲಾರಿ, ಅದರ ಕೇರಳದ ಚಾಲಕರ ದೇಹದೊಂದಿಗೆ ಸಿಕ್ಕಿದ್ದು ಸೆಪ್ಟೆಂಬರ್ 25ರಂದು. ಅಪ್ಪ ಆ ಸುದ್ದಿ ನೋಡಿ ಟೀವಿ ಆರಿಸಿ ಹೊರಗೆ ಹೋಗಿ ಕೂತರು.

5. ತಿಳಿಯಬೇಕಾದದ್ದು

ನಕ್ಷೆ ಬೇಡ ಎಂದು ಅಪ್ಪ ಹೇಳುವುದಿಲ್ಲ, ಅವರೂ ನೋಡುತ್ತಾರೆ. ನಕ್ಷೆ ರಸ್ತೆ ಎಲ್ಲಿದೆ ಎಂದು ಹೇಳುತ್ತದೆ. ಇವತ್ತು ಅದು ಹೇಗಿದೆ ಎಂದು ಹೇಳುವವರು ಈಗಷ್ಟೇ ಆ ದಾರಿಯಲ್ಲಿ ಬಂದವರು. ಆದ್ದರಿಂದ ಕೇಳಲು ನಾಚಿಕೆ ಪಡಬಾರದು. ಕೇಳುವಾಗ ಊರಿನ ಜೊತೆ ತಾಲೂಕಿನ ಹೆಸರನ್ನೂ ಕೇಳಬೇಕು. ನಮ್ಮನ್ನು ಯಾರಾದರೂ ಲಾರಿಯವರು ದಾರಿ ಕೇಳಿದರೆ ಗೊತ್ತಿದ್ದರೆ ಮಾತ್ರ ಹೇಳಬೇಕು, ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ" ಅನ್ನಬೇಕು. ಅವರಿಗೂ ಮನೆಯಲ್ಲಿ ಕಾಯುವವರು ಇರುತ್ತಾರೆ.

ಮಾಡಿ ನೋಡಿ:
(ಅ) 52 ಸಂಖ್ಯೆಯ ಹೆದ್ದಾರಿ ಅಂಕೋಲಾದಿಂದ ಯಾವ ದಿಕ್ಕಿಗೆ ಹೋಗುತ್ತದೆ? ಸಂಖ್ಯೆ ನೋಡಿ ಹೇಳಿ, ಆಮೇಲೆ ನಕ್ಷೆಯಲ್ಲಿ ಹುಡುಕಿ.
(ಆ) ನಿಮ್ಮ ಮನೆಯ ಹತ್ತಿರದ ಕಿಲೋಮೀಟರ್ ಕಲ್ಲಿನ ಬಣ್ಣ ಯಾವುದು?
(ಇ) ನಮ್ಮ ಜಿಲ್ಲೆಯಲ್ಲಿ ಒಂದೇ ಹೆಸರಿನ ಎರಡು ಊರುಗಳು ಯಾವುವು? ಪಟ್ಟಿ ಮಾಡಿ ಈ ಗೋಡೆ ಪತ್ರಿಕೆಯ ಕೆಳಗೆ ಅಂಟಿಸಿ.

– 9ನೇ ತರಗತಿಯ ವಿದ್ಯಾರ್ಥಿನಿ